ರೋಗಗಳ ಲೆಕ್ಕ ಬರೆದ ವಿಲಿಯಂ ಫಾರ್

ನಮ್ಮ ಪುರಾಣಗಳಲ್ಲಿ ಸತ್ತವರ ಲೆಕ್ಕವನ್ನಿಡುವವನು ಚಿತ್ರಗುಪ್ತ. ಅವನು ನೋಡುವುದು ಪಾಪಪುಣ್ಯಗಳ ಲೆಕ್ಕ. ಯಾರು ಯಾವ ಕಾಯಿಲೆಯಿಂದ ಸತ್ತರೆಂಬುದು ಅವನ ಕಡತಕ್ಕೆ ಸೇರಿದುದಲ್ಲ. ಆ ಎರಡನೆಯ ಲೆಕ್ಕವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಿಲಿಯಂ ಫಾರ್. ಆರೋಗ್ಯಶಾಸ್ತ್ರವನ್ನಾಗಲಿ ಸಂಖ್ಯಾಶಾಸ್ತ್ರವನ್ನಾಗಲಿ ಓದಿದವರಿಗೆ ಈ ಹೆಸರು ಸುಪರಿಚಿತ. ಆದರೆ ಆತನು ನೆಟ್ಟ ಬಳ್ಳಿಯ ಒಂದು ಕುಡಿ ನಮ್ಮ ಬೆಂಗಳೂರಿನ ಅಂಚಿಗೇ ಬಂದು ಹಬ್ಬಿದೆಯೆಂಬುದನ್ನು ಗಮನಿಸಿದವರು ವಿರಳ. ಆತನ ಬಾಳನ್ನು ಈ ದೃಷ್ಟಿಯಿಂದ ಒಮ್ಮೆ ನೆನೆಯುವುದು ಅನುಚಿತವಾಗಲಾರದೆಂದು ನನ್ನ ಭಾವನೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮುಂತಾದ ಕಡೆಗಳಲ್ಲಿ ಮೆಡಿಕಲ್ ಕೋಡಿಂಗ್ ಎಂಬ ವೃತ್ತಿಯೊಂದುಂಟು. ಸಾಗರದಾಚೆಯ ಆಸ್ಪತ್ರೆಯಲ್ಲಿ ವೈದ್ಯರು ಬರೆದಿಟ್ಟ ರೋಗನಿರ್ಣಯವನ್ನು ಇಲ್ಲಿ ಕುಳಿತ ನಮ್ಮ ಹುಡುಗ ಹುಡುಗಿಯರು ಓದಿ, ಆ ರೋಗಕ್ಕೆ ಸಲ್ಲುವ ಸಂಖ್ಯೆಯನ್ನು ದೊಡ್ಡದೊಂದು ಪಟ್ಟಿಯಿಂದ ಆರಿಸಿ ನಮೂದಿಸುತ್ತಾರೆ. ವಿಮೆಯ ಹಣ ಸಲ್ಲುವುದು ಆ ಸಂಖ್ಯೆಯ ಮೇಲೆ. ದೇಶದ ಆರೋಗ್ಯದ ಲೆಕ್ಕ ನಿಲ್ಲುವುದೂ ಅದರ ಮೇಲೆಯೇ. ಈ ಕೆಲಸಕ್ಕೆ ಸೇರಬಯಸುವ ಪದವೀಧರರಿಗೆ ಕೆಲವು ವರ್ಷ ಪಾಠ ಹೇಳಿದವನು ನಾನು. ಪಟ್ಟಿಯ ಸಂಖ್ಯೆಗಳನ್ನು ಕಲಿಸುತ್ತ ಹೋದಂತೆ, ಇವನ್ನೆಲ್ಲ ಮೊದಲು ಜೋಡಿಸಿಟ್ಟವನು ಯಾರು, ಯಾವ ಕಷ್ಟಕ್ಕೆ ಪರಿಹಾರವಾಗಿ ಜೋಡಿಸಿದ ಎಂಬ ಕುತೂಹಲ ನನ್ನಲ್ಲಿ ಹುಟ್ಟಿತು. ಆ ಕುತೂಹಲವೇ ನನ್ನನ್ನು ಫಾರನ ಬಳಿಗೆ ಕರೆದೊಯ್ದಿತು.

ಫಾರ್ ಹುಟ್ಟಿದುದು 1807ರ ನವೆಂಬರ್ 30ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಕೆನ್ಲಿ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆತಾಯಿಗಳು ಬಡವರು. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಕುಟುಂಬವು ಡಾರಿಂಗ್ಟನ್ನಿಗೆ ಬಂದಿತು. ಅಲ್ಲಿ ಜೋಸೆಫ್ ಪ್ರೈಸ್ ಎಂಬ ಅನುಕೂಲಸ್ಥ ವೃದ್ಧನು ಹುಡುಗನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡು, ಓದಿಸಿ ಬೆಳೆಸಿದನು. ಹತ್ತಿರದ ಶ್ರೂಸ್‌ಬರಿಯಲ್ಲಿ ವೆಬ್‌ಸ್ಟರ್ ಎಂಬ ವೈದ್ಯನೊಬ್ಬನ ಶಿಷ್ಯತ್ವ ದೊರೆಯಿತು. ಅಲ್ಲಿನ ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಕೆಲಸವನ್ನೂ ತರುಣನು ಮಾಡಿದನು. 1828ರಲ್ಲಿ ಪ್ರೈಸ್ ತೀರಿಕೊಂಡಾಗ ಸಾಕುಮಗನಿಗೆ 500 ಪೌಂಡುಗಳನ್ನು ಬಿಟ್ಟುಹೋಗಿದ್ದನು. ಹಣ ಕೈಗೆ ಬಂದೊಡನೆ ಹೊಲ ಕೊಳ್ಳುವ, ಮನೆ ಕಟ್ಟಿಸುವ ಯೋಚನೆ ಆ ತರುಣನಿಗೆ ಬರಲಿಲ್ಲ. ಆತ ನೇರವಾಗಿ ಪ್ಯಾರಿಸಿಗೆ ಹೊರಟನು.

ಆ ಕಾಲಕ್ಕೆ ವೈದ್ಯವಿದ್ಯೆಯ ರಾಜಧಾನಿ ಪ್ಯಾರಿಸ್. ಅಲ್ಲಿ ಪಿಯೆರ್ ಲೂಯಿ ಎಂಬ ಮಹಾವೈದ್ಯನು ಹೊಸದೊಂದು ಮಾರ್ಗವನ್ನು ಹಿಡಿದಿದ್ದನು. ಒಂದು ಚಿಕಿತ್ಸೆಯಿಂದ ಗುಣವಾಯಿತೇ ಇಲ್ಲವೇ ಎಂಬುದನ್ನು ಗುರುಗಳ ಮಾತಿನಿಂದಾಗಲಿ ಒಂದೆರಡು ಅನುಭವಗಳಿಂದಾಗಲಿ ತೀರ್ಮಾನಿಸಬಾರದು. ಬಹುಮಂದಿ ರೋಗಿಗಳನ್ನು ಎಣಿಸಿ ನೋಡಿ ತಿಳಿಯಬೇಕು ಎಂಬುದು ಆತನ ಮತ. ಎರಡು ವರ್ಷ ಆ ವಾತಾವರಣದಲ್ಲಿದ್ದ ಫಾರನ ಮನಸ್ಸಿನಲ್ಲಿ ಎಣಿಕೆಯ ಬೀಜ ಬಿದ್ದಿತು. ಲಂಡನ್ನಿಗೆ ಹಿಂದಿರುಗಿ ಯೂನಿವರ್ಸಿಟಿ ಕಾಲೇಜಿನಲ್ಲಿ ವ್ಯಾಸಂಗ ಮುಂದುವರಿಸಿ, 1832ರಲ್ಲಿ ಔಷಧಕಾರರ ಸಂಘದ ಪರವಾನಗಿಯನ್ನು ಪಡೆದನು. ಪರೀಕ್ಷೆ ಕೊಟ್ಟು ಗಳಿಸಿದ ಅರ್ಹತೆಯೆಂದರೆ ಆತನಿಗೆ ಅದೊಂದೇ. ದೊಡ್ಡ ಪದವಿಗಳ ಬಾಲವಿಲ್ಲದ ಈ ಮನುಷ್ಯನ ಮಾತಿಗೆ ಮುಂದೆ ದೇಶದ ವೈದ್ಯರೆಲ್ಲ ಕಿವಿಗೊಡಬೇಕಾಯಿತು.

ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸಲು ಮಾಡಿದ ಪ್ರಯತ್ನ ಹೇಳಿಕೊಳ್ಳುವಷ್ಟು ಫಲಿಸಲಿಲ್ಲ. 1833ರಲ್ಲಿ ಮದುವೆಯಾದ ಹೆಂಡತಿ ನಾಲ್ಕೇ ವರ್ಷಗಳಲ್ಲಿ, 1837ರಲ್ಲಿ, ಕ್ಷಯದಿಂದ ತೀರಿಕೊಂಡಳು. ಅದೇ ವರ್ಷ ಗುರು ವೆಬ್‌ಸ್ಟರನೂ ಗತಿಸಿದನು. ಅವನೂ ಶಿಷ್ಯನಿಗೆ 500 ಪೌಂಡುಗಳನ್ನೂ ತನ್ನ ಪುಸ್ತಕಗಳನ್ನೂ ಬಿಟ್ಟಿದ್ದನು. ಹೀಗೆ ದುಃಖವೂ ಅನುಕೂಲವೂ ಒಟ್ಟಿಗೆ ಬಂದ ಆ ವರ್ಷದಲ್ಲಿಯೇ, ಬ್ರಿಟಿಷ್ ಸಾಮ್ರಾಜ್ಯದ ಅಂಕಿ-ಅಂಶಗಳನ್ನು ಕುರಿತು ಮೆಕಲಕ್ ಎಂಬುವನು ಹೊರತಂದ ಗ್ರಂಥಕ್ಕೆ ಫಾರನು ಜನನ, ಮರಣ, ಆಯುಷ್ಯಗಳ ಲೆಕ್ಕದ ಮೇಲೆ ಒಂದು ಅಧ್ಯಾಯವನ್ನು ಬರೆದುಕೊಟ್ಟನು. ರೋಗಿಗಳು ಬಾರದ ವೈದ್ಯನಿಗೆ ಇಡೀ ರಾಷ್ಟ್ರವೇ ರೋಗಿಯಾಗಿ ಒದಗಿಬಂದಿತೆಂದು ಹೇಳಬಹುದು.

ಕಾಲವೂ ಅದಕ್ಕೆ ಅನುಕೂಲವಾಗಿದ್ದಿತು. 1837ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಜನನ, ಮರಣ, ವಿವಾಹಗಳನ್ನು ಸರಕಾರವೇ ನೋಂದಾಯಿಸತೊಡಗಿತು. ಸತ್ತವರ ಹೆಸರಿನ ಮುಂದೆ ಸಾವಿನ ಕಾರಣವನ್ನು ಬರೆಯಲು ಒಂದು ಅಂಕಣವಿದ್ದಿತು. ಆ ಅಂಕಣದಲ್ಲಿ ರಾಶಿಯಾಗಿ ಬಂದು ಬಿದ್ದ ಕಾರಣಗಳನ್ನು ವಿಂಗಡಿಸಬಲ್ಲ ಮನುಷ್ಯನೊಬ್ಬನು ನೋಂದಣಿ ಇಲಾಖೆಗೆ ಬೇಕಾಗಿದ್ದನು. 1839ರಲ್ಲಿ ಫಾರನಿಗೆ ಆ ಕೆಲಸ ದೊರೆಯಿತು. ಲಂಡನ್ನಿನ ಸಾಮರ್ಸೆಟ್ ಹೌಸಿನಲ್ಲಿದ್ದ ಆ ಕಚೇರಿಯಲ್ಲಿ ಆತನು ನಾಲ್ವತ್ತು ವರ್ಷ ದುಡಿದನು.

ಅಲ್ಲಿ ಆತನ ಕಣ್ಣಿಗೆ ಮೊದಲು ಬಿದ್ದುದು ಹೆಸರುಗಳ ಕಾಡು. ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರು. ಒಂದೇ ಹೆಸರಿಗೆ ಹಲವು ರೋಗ. ಎಷ್ಟೋ ಕಡೆ ಮೂಲರೋಗವನ್ನು ಬಿಟ್ಟು ಅದರ ಕೊನೆಗಾಲದ ಉಪದ್ರವವನ್ನೇ ಕಾರಣವೆಂದು ಬರೆದಿದ್ದರು. ಇಂಥ ಮಾತುಗಳನ್ನು ಕೂಡಿಸಿ ಮೊತ್ತ ತೆಗೆದರೆ ಆ ಮೊತ್ತಕ್ಕೆ ಅರ್ಥವೇನು? ಇಲಾಖೆಯ ಮೊದಲನೆಯ ವಾರ್ಷಿಕ ವರದಿಯಲ್ಲಿಯೇ ಫಾರನು ಈ ಪ್ರಶ್ನೆಯನ್ನೆತ್ತಿ, ಭೌತವಿಜ್ಞಾನಕ್ಕೆ ತೂಕ ಅಳತೆಗಳು ಹೇಗೋ ಈ ಶಾಸ್ತ್ರಕ್ಕೆ ರೋಗಗಳ ಹೆಸರುಗಳು ಹಾಗೆ, ಅವನ್ನು ಕೂಡಲೇ ಗೊತ್ತುಪಡಿಸಬೇಕು ಎಂದು ವಾದಿಸಿದನು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ಮಿಲಿಮೀಟರು ಇನ್ನೊಬ್ಬನ ಮಿಲಿಮೀಟರಿಗಿಂತ ಬೇರೆಯಾದರೆ ಒಂದು ಕಡೆ ಕಡೆದ ಬೋಲ್ಟು ಇನ್ನೊಂದು ಕಡೆಯ ನಟ್ಟಿಗೆ ಕೂಡುವುದಿಲ್ಲ. ರೋಗದ ಹೆಸರಿನ ಸ್ಥಿತಿಯೂ ಅದೇ.

ಫಾರನು ಪಟ್ಟಿಯನ್ನು ಕಟ್ಟಿದ ರೀತಿ ಸ್ವಾರಸ್ಯವಾಗಿದೆ. ತತ್ತ್ವಜ್ಞರಿಗೆ ಒಪ್ಪುವ ವರ್ಗೀಕರಣ ಬೇರೆ, ಕೆಲಸಕ್ಕೆ ಬರುವ ವರ್ಗೀಕರಣ ಬೇರೆ ಎಂಬುದನ್ನು ಆತನು ಅರಿತಿದ್ದನು. ಊರಿನಿಂದೂರಿಗೆ ಹರಡುವ ಸಾಂಕ್ರಾಮಿಕಗಳು ಒಂದು ಗುಂಪು. ದೇಹವನ್ನೆಲ್ಲ ವ್ಯಾಪಿಸುವ ರೋಗಗಳು ಇನ್ನೊಂದು. ಹೃದಯ, ಶ್ವಾಸಕೋಶ, ಮೆದುಳು ಎಂದು ಆಯಾ ಅಂಗಕ್ಕೆ ಅಂಟಿದವು ಮತ್ತೊಂದು. ಹುಟ್ಟು, ಬೆಳವಣಿಗೆ, ಮುಪ್ಪುಗಳಿಗೆ ಸಂಬಂಧಿಸಿದವು ನಾಲ್ಕನೆಯದು. ಪೆಟ್ಟು, ಅಪಘಾತ, ಹಿಂಸೆಗಳಿಂದಾದವು ಐದನೆಯದು. ಆತನ ಪಟ್ಟಿ ಕಾಲಕ್ರಮದಲ್ಲಿ ತಲುಪಿದ ರೂಪವಿದು. ಈ ಐದು ಕಂಬಗಳ ಮೇಲೆ ನಿಂತ ಮನೆಗೆ ಮುಂದಿನವರು ಎಷ್ಟೋ ಕೋಣೆಗಳನ್ನು ಸೇರಿಸಿದರು. ಕಂಬಗಳು ಮಾತ್ರ ಬಹುಮಟ್ಟಿಗೆ ಅವೇ ಉಳಿದಿವೆ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಸಾಲಿದ್ದಿತು. ಯಾವ ಕಾರಣವನ್ನೂ ನಿರ್ದಿಷ್ಟವಾಗಿ ಹೇಳದ ಮರಣಗಳಿಗೆ ಅದು ಮೀಸಲು. ಮೇಲುನೋಟಕ್ಕೆ ಅದು ಕಸದ ಬುಟ್ಟಿಯಂತೆ ಕಾಣಬಹುದು. ನನ್ನ ದೃಷ್ಟಿಯಲ್ಲಿ ಇಡೀ ಪಟ್ಟಿಯ ಮರ್ಯಾದೆ ಉಳಿದುದು ಆ ಸಾಲಿನಿಂದ. ಅದಿಲ್ಲದೆ ಹೋಗಿದ್ದರೆ ಗೊತ್ತಿಲ್ಲದ ಸಾವುಗಳನ್ನೆಲ್ಲ ಗುಮಾಸ್ತರು ಯಾವುದಾದರೊಂದು ರೋಗದ ತಲೆಗೆ ಕಟ್ಟುತ್ತಿದ್ದರು. ಕ್ಷಯದ ಮೊತ್ತವಾಗಲಿ ಸಿಡುಬಿನ ಮೊತ್ತವಾಗಲಿ ನಂಬಲು ಯೋಗ್ಯವಾಗಿ ಉಳಿಯುತ್ತಿರಲಿಲ್ಲ. ತಿಳಿಯದುದನ್ನು ತಿಳಿಯದೆಂದು ಬೇರೆ ಇಟ್ಟರೆ ಮಾತ್ರ ತಿಳಿದುದು ಶುದ್ಧವಾಗಿ ನಿಲ್ಲುತ್ತದೆ.

ಬಿಳಿಯ ರಕ್ತಕಣಗಳ ಕಥೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಫಾರನು ಕಚೇರಿಗೆ ಸೇರಿದ 1839ರಲ್ಲಿ ಲ್ಯುಕೇಮಿಯ ಎಂಬ ರೋಗಕ್ಕೆ ಹೆಸರೇ ಇರಲಿಲ್ಲ. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನ ರೂಡಾಲ್ಫ್ ವಿರ್ಕೋ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆ, ಸತ್ತ ರೋಗಿಗಳ ರಕ್ತದಲ್ಲಿ ಬಿಳಿಯ ಕಣಗಳು ವಿಪರೀತವಾಗಿ ತುಂಬಿದ್ದುದನ್ನು ವರ್ಣಿಸಿದರು. ಬೆನೆಟ್ ಅದನ್ನು ರಕ್ತದಲ್ಲಿ ಸೇರಿದ ಕೀವೆಂದು ಭಾವಿಸಿದನು. ವಿರ್ಕೋ ಅಷ್ಟು ದೂರ ಹೋಗಲಿಲ್ಲ. ಕಂಡಷ್ಟಕ್ಕೆ ಬಿಳಿಯ ರಕ್ತ ಎಂಬ ಹೆಸರಿಟ್ಟು ನಿಂತನು. 1847ರಲ್ಲಿ ಅದೇ ಅರ್ಥದ ಗ್ರೀಕ್ ಮಾತಿನಿಂದ ಲ್ಯುಕೇಮಿಯ ಎಂದು ಕರೆದನು. ಕಂಡುದನ್ನಷ್ಟೇ ಹೇಳಿದ ಹೆಸರು ಇಂದಿಗೂ ಬಾಳಿದೆ. ಅದಕ್ಕೆ ಮೊದಲು ಆ ರೋಗದಿಂದ ಸತ್ತವರು ಫಾರನ ಮೊದಲ ಕೋಷ್ಟಕಗಳಲ್ಲಿ ಬೇರೆ ಬೇರೆ ಹೆಸರುಗಳ ಅಡಿಯಲ್ಲಿ ಅಡಗಿರಲೇಬೇಕು. ಆದುದರಿಂದ ರೋಗಗಳ ಪಟ್ಟಿ ಎಂದಿಗೂ ಪೂರ್ಣವಾಗುವಂಥದಲ್ಲ; ಮುಂದೆ ಬರುವ ಜ್ಞಾನಕ್ಕೆ ಅದು ಜಾಗ ಬಿಟ್ಟಿರಬೇಕು.

ಪಟ್ಟಿ ಇಂಗ್ಲೆಂಡಿಗೆ ಮಾತ್ರ ಸೀಮಿತವಾದರೆ ಸಾಲದೆಂದು ಬೇರೆ ದೇಶಗಳವರಿಗೂ ಅನ್ನಿಸಿತು. 1853ರಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞರ ಮಹಾಸಭೆಯು, ಎಲ್ಲ ದೇಶಗಳಿಗೂ ಒಪ್ಪುವ ಮರಣಕಾರಣಗಳ ಪಟ್ಟಿಯನ್ನು ಮಾಡಿಕೊಡಬೇಕೆಂದು ಫಾರನನ್ನೂ ಜಿನೀವಾದ ಮಾರ್ಕ್ ದೆಸ್ಪೀನನನ್ನೂ ಕೇಳಿಕೊಂಡಿತು. ಇಬ್ಬರೂ ಬೇರೆ ಬೇರೆ ತತ್ತ್ವಗಳ ಮೇಲೆ ಎರಡು ಪಟ್ಟಿಗಳನ್ನು ತಂದರು. 1855ರ ಪ್ಯಾರಿಸ್ ಸಭೆ ಎರಡನ್ನೂ ಹೊಂದಿಸಿ 139 ಶೀರ್ಷಿಕೆಗಳ ಒಂದು ಪಟ್ಟಿಯನ್ನು ಅಂಗೀಕರಿಸಿತು. ಪಂಡಿತರ ಜಗಳದಲ್ಲಿ ಸಂಧಾನವೇ ಗೆದ್ದ ಅಪರೂಪದ ಸಂದರ್ಭಗಳಲ್ಲಿ ಇದೊಂದು.

ಈ ಹೊತ್ತಿಗೆ ಫಾರನಿಗೆ ಅಸಾಧಾರಣ ಸ್ನೇಹವೊಂದು ಒದಗಿತು. ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಹಿಂದಿರುಗಿದ ಫ್ಲಾರೆನ್ಸ್ ನೈಟಿಂಗೇಲಳು, ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಕೊಳಕಿನಿಂದ ಸತ್ತರೆಂಬುದನ್ನು ಸಂಖ್ಯೆಗಳಿಂದ ಸಿದ್ಧಪಡಿಸಲು ಹವಣಿಸುತ್ತಿದ್ದಳು. ಸಂಖ್ಯೆಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ಬಲ್ಲವನು ಫಾರನಾದರೆ, ಜೋಡಿಸಿದುದನ್ನು ಅಧಿಕಾರಿಗಳ ಕಣ್ಣಿಗೆ ಕುಕ್ಕುವಂತೆ ಮಾಡಬಲ್ಲವಳು ಆಕೆ. 1860ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಸಭೆಯಲ್ಲಿ, ಆಸ್ಪತ್ರೆಗಳಲ್ಲಿ ಬದುಕಿರುವ ರೋಗಿಗಳ ಕಾಯಿಲೆಗಳನ್ನು ಕೂಡ ಫಾರನ ವರ್ಗೀಕರಣಕ್ಕೆ ಅನುಸಾರವಾಗಿ ದಾಖಲಿಸಬೇಕೆಂಬ ಯೋಜನೆಯನ್ನು ಆಕೆ ಮಂಡಿಸಿದಳು. ಸತ್ತವರ ಲೆಕ್ಕದ ಪುಸ್ತಕ ಬದುಕಿರುವವರ ಕಡೆಗೆ ತಿರುಗಿದುದು ಹೀಗೆ. ಇಂದಿನ ಮೆಡಿಕಲ್ ಕೋಡಿಂಗಿನ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ತಲುಪುವ ಸ್ಥಳವೂ ಅದೇ.

ನಮ್ಮ ನಾಡಿಗೂ ಇವರಿಬ್ಬರ ಕೆಲಸ ತಾಕಿತು. ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಲು 1859ರಲ್ಲಿ ನೇಮಕವಾದ ರಾಯಲ್ ಕಮಿಷನ್ನಿನಲ್ಲಿ ಫಾರನು ಸದಸ್ಯನಾಗಿದ್ದನು. ನೈಟಿಂಗೇಲಳು ಹೊರಗಿನಿಂದಲೇ ಅದರ ಪ್ರಾಣವಾಗಿದ್ದಳು. ಬೆಂಗಳೂರಿನ ದಂಡೂ ಆ ವಿಚಾರಣೆಗೆ ಒಳಪಟ್ಟ ಠಾಣ್ಯಗಳಲ್ಲೊಂದು. 1863ರಲ್ಲಿ ಹೊರಬಂದ ವರದಿ, ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ತೋರಿಸಿತು. ಅವರಲ್ಲಿ ಹೆಚ್ಚಿನವರನ್ನು ಕೊಂದುದು ಶತ್ರುವಿನ ಗುಂಡಲ್ಲ. ಜ್ವರ, ಭೇದಿ, ಕಾಲರಾಗಳು. ಕುಡಿಯುವ ನೀರು, ಚರಂಡಿ, ವಾಸದ ಕಟ್ಟಡಗಳ ಕಡೆಗೆ ಸರಕಾರದ ಗಮನ ಹರಿಯಲು ಈ ಒಂದು ಅಂಕಿ ನೂರು ಭಾಷಣಗಳಿಗಿಂತ ಹೆಚ್ಚು ನೆರವಾಯಿತು.

ಆದರೆ ಫಾರನ ವ್ಯಕ್ತಿತ್ವವನ್ನು ಒರೆಗೆ ಹಚ್ಚಿದುದು ಕಾಲರಾ. 1849ರಲ್ಲಿ ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ಆ ಮಾರಿಗೆ ಸುಮಾರು 53,000 ಜನ ಬಲಿಯಾದರು. ಕೊಳೆತ ಪದಾರ್ಥಗಳಿಂದ ಏಳುವ ಕೆಟ್ಟ ಗಾಳಿಯೇ ಇಂಥ ರೋಗಗಳಿಗೆ ಕಾರಣವೆಂಬುದು ಆ ಕಾಲದ ಬಹುಮಂದಿಯ ನಂಬಿಕೆ. ಫಾರನ ನಂಬಿಕೆಯೂ ಅದೇ. ಆತನು ಲಂಡನ್ನಿನ ಮರಣಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಥೇಮ್ಸ್ ನದಿಯ ಮಟ್ಟದಿಂದ ಎತ್ತರಕ್ಕೆ ಹೋದಂತೆಲ್ಲ ಕಾಲರಾ ಸಾವುಗಳು ಕ್ರಮವಾಗಿ ಇಳಿಯುತ್ತವೆಂದು 1852ರ ವರದಿಯಲ್ಲಿ ತೋರಿಸಿದನು. ಅಂಕಿಗಳು ಗಣಿತದ ಸೂತ್ರಕ್ಕೆ ಅದ್ಭುತವಾಗಿ ಹೊಂದಿಕೊಂಡವು. ತಗ್ಗಿನಲ್ಲಿ ದಟ್ಟವಾದ ಕೆಟ್ಟ ಗಾಳಿ, ದಿಣ್ಣೆಯಲ್ಲಿ ತೆಳುವಾದ ಗಾಳಿ ಎಂಬ ವಿವರಣೆಯೂ ಸಲೀಸಾಗಿ ಕೂಡಿತು. ಅಂಕಿಗಳೆಲ್ಲ ನಿಜ, ವಿವರಣೆ ಮಾತ್ರ ಸುಳ್ಳು.

ಜಾನ್ ಸ್ನೋ ಎಂಬ ವೈದ್ಯನು ಬೇರೆಯೇ ಮಾತನ್ನು ಹೇಳುತ್ತಿದ್ದನು. ಆತನ ಪ್ರಕಾರ ಕಾಲರಾ ಹರಡುವುದು ನೀರಿನಿಂದ. 1854ರಲ್ಲಿ ರೋಗ ಮತ್ತೆ ಬಂದಾಗ, ದಕ್ಷಿಣ ಲಂಡನ್ನಿನ ಒಂದೇ ಬೀದಿಯ ಮನೆಗಳಿಗೆ ಎರಡು ಕಂಪೆನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪೆನಿ ನಗರದ ಮೇಲ್ಗಡೆಯ ಶುದ್ಧವಾದ ಹೊಳೆನೀರನ್ನು ತರುತ್ತಿದ್ದಿತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪೆನಿ ನಗರದ ಕೊಳಚೆ ಸೇರುವೆಡೆಯಲ್ಲಿಯೇ ನೀರೆತ್ತುತ್ತಿದ್ದಿತು. ಸ್ನೋ ಮನೆಮನೆ ತಿರುಗಿ ಲೆಕ್ಕ ತೆಗೆದನು. ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವು, ಇನ್ನೊಂದರವರಲ್ಲಿ 315 ಸಾವು. ಈ ಪ್ರಖ್ಯಾತ ಲೆಕ್ಕಕ್ಕೆ ಬೇಕಾದ ಸತ್ತವರ ವಿಳಾಸಗಳು ದೊರೆತುದೆಲ್ಲಿಂದ? ಫಾರನ ಕಚೇರಿಯಿಂದ. ತನ್ನ ಸಿದ್ಧಾಂತವನ್ನು ಉರುಳಿಸಬಲ್ಲ ವಾದಕ್ಕೆ ಬೇಕಾದ ಸಾಮಗ್ರಿಯನ್ನು ಆತನು ತಾನಾಗಿ ಒದಗಿಸಿದನು. ಅಷ್ಟೇ ಅಲ್ಲ, ಸತ್ತವರ ಮನೆಗೆ ಯಾವ ಕಂಪೆನಿಯ ನೀರು ಬರುತ್ತಿದ್ದಿತೆಂಬುದನ್ನು ವಿಚಾರಿಸಿ ಬರೆಯಬೇಕೆಂದು ನೋಂದಣಿದಾರರಿಗೆ ಸೂಚನೆಯನ್ನೂ ಕೊಟ್ಟನು.

ಸ್ನೋ 1858ರಲ್ಲಿ ತೀರಿಕೊಂಡನು. 1866ರಲ್ಲಿ ಕಾಲರಾ ಪೂರ್ವ ಲಂಡನ್ನಿನಲ್ಲಿ ಮತ್ತೆ ಕಾಣಿಸಿಕೊಂಡು ಐದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಈ ಸಲ ಫಾರನು ತನ್ನ ವಾರದ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ನೋಡಿದನು. ಸಾವುಗಳು ಒಂದೇ ನೀರಿನ ಕಂಪೆನಿಯ ಎಲ್ಲೆಯೊಳಗೆ ಗುಂಪುಗೂಡಿದ್ದವು. ಆ ಜಾಡು ಓಲ್ಡ್ ಫೋರ್ಡಿನಲ್ಲಿದ್ದ, ಮೇಲೆ ಮುಚ್ಚಿಲ್ಲದ ಜಲಾಶಯಕ್ಕೆ ಒಯ್ದಿತು. ಹದಿನಾಲ್ಕು ವರ್ಷಗಳ ಹಿಂದೆ ಗಾಳಿಯ ವಾದವನ್ನು ಅಷ್ಟು ಸುಂದರವಾದ ಸೂತ್ರದಿಂದ ಬಿಗಿದಿದ್ದ ಮನುಷ್ಯನೇ, ಈಗ ನೀರಿನ ವಾದವನ್ನು ಸರಕಾರದ ವರದಿಯಲ್ಲಿ ಎತ್ತಿಹಿಡಿದನು. ವಿದ್ವಾಂಸನಿಗೆ ತನ್ನ ಮತವನ್ನು ಬಿಡುವುದು ಸ್ವಂತ ಮನೆಯನ್ನು ಬಿಟ್ಟಷ್ಟೇ ಕಷ್ಟ. ಫಾರನಿಗೆ ಅದು ಸಾಧ್ಯವಾದುದೇಕೆಂದರೆ, ಆತನು ಮರಣಗಳನ್ನು ದಾಖಲಿಸುವಾಗ ತನ್ನ ಸಿದ್ಧಾಂತವನ್ನು ಅವುಗಳೊಳಗೆ ಬೆರೆಸಿರಲಿಲ್ಲ. ಯಾರು, ಎಲ್ಲಿ, ಎಂದು, ಯಾವುದರಿಂದ ಎಂಬಷ್ಟನ್ನೇ ಬರೆಸಿದ್ದನು. ಆದ ಕಾರಣ ಸಿದ್ಧಾಂತ ಬಿದ್ದರೂ ಕಡತ ನಿಂತಿತು. ನಿಂತ ಕಡತವೇ ಒಡೆಯನನ್ನು ತಿದ್ದಿತು.

ಇನ್ನೊಂದು ಸಂಗತಿಯನ್ನು ಯಂತ್ರಗಳ ನಡುವೆ ಬಾಳುವ ನಮ್ಮ ಹೊರವಲಯದವರಿಗಾಗಿ ಹೇಳಬೇಕು. ಜನರು ಯಾವ ವಯಸ್ಸಿನಲ್ಲಿ ಎಷ್ಟು ಪ್ರಮಾಣದಲ್ಲಿ ಸಾಯುತ್ತಾರೆಂಬ ಆಯುಷ್ಯಪಟ್ಟಿಯನ್ನು ಫಾರನು 1864ರಲ್ಲಿ ಪ್ರಕಟಿಸಿದನು. ಅದರ ಕೆಲವು ಕೋಷ್ಟಕಗಳನ್ನು ಗುಣಿಸಿ ಅಚ್ಚಿಗೆ ಸಿದ್ಧಪಡಿಸಿದುದು ಸ್ವೀಡನ್ನಿನ ಷೂಟ್ಸ್ ತಂದೆಮಕ್ಕಳು ರೂಪಿಸಿದ ಗಣಕಯಂತ್ರ. ನೋಂದಣಿ ಇಲಾಖೆಗಾಗಿ ಅಂಥದೊಂದನ್ನು 1859ರಲ್ಲಿ ಲಂಡನ್ನಿನಲ್ಲಿಯೇ ಕಟ್ಟಿಸಿದ್ದರು. ಯಂತ್ರಕ್ಕೆ ಸದಾ ಕಾವಲು ಬೇಕಾಗಿದ್ದಿತು; ಲೆಕ್ಕದ ಬಹುಪಾಲನ್ನು ಗುಮಾಸ್ತರೇ ಕೈಯಲ್ಲಿ ಮಾಡಬೇಕಾಯಿತು. ಆದರೂ ಎಲೆಕ್ಟ್ರಾನಿಕ್ ಸಿಟಿ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಮೊದಲೇ ಮನುಷ್ಯರ ಹುಟ್ಟುಸಾವುಗಳ ಲೆಕ್ಕವನ್ನು ಯಂತ್ರಕ್ಕೆ ಉಣಿಸಲು ಸಾಹಸಮಾಡಿದ ಸರಕಾರಿ ನೌಕರನೊಬ್ಬನಿದ್ದನೆಂಬುದು ಸಣ್ಣ ಮಾತಲ್ಲ.

ಕೊನೆಯ ದಿನಗಳು ಅಷ್ಟು ಸುಖವಾಗಿ ಕಳೆಯಲಿಲ್ಲ. ರಾಯಲ್ ಸೊಸೈಟಿಯ ಸದಸ್ಯತ್ವ, ಸಂಖ್ಯಾಶಾಸ್ತ್ರ ಸಂಘದ ಅಧ್ಯಕ್ಷತೆ ಎಲ್ಲ ದೊರೆತಿದ್ದವು. ಮರಣದ ಕಾರಣವನ್ನು ವೈದ್ಯರೇ ಬರೆದುಕೊಡಬೇಕೆಂಬುದು 1874ರ ಶಾಸನದಿಂದ ಕಡ್ಡಾಯವಾಗಿದ್ದಿತು. ಆದರೆ ಇಲಾಖೆಯ ಮುಖ್ಯಸ್ಥನ ಸ್ಥಾನ ತೆರವಾದಾಗ, ನಾಲ್ವತ್ತು ವರ್ಷ ಅದರ ಬೆನ್ನೆಲುಬಾಗಿದ್ದ ಫಾರನನ್ನು ಬಿಟ್ಟು ಆ ಪದವಿಯನ್ನು ಬೇರೊಬ್ಬರಿಗೆ ಕೊಟ್ಟರು. ನೊಂದ ಮುದುಕನು ಕೆಲಸಕ್ಕೆ ರಾಜೀನಾಮೆ ಕೊಟ್ಟನು. 1883ರ ಏಪ್ರಿಲ್ 14ರಂದು ತೀರಿಕೊಂಡನು. ಅದರ ಹಿಂದಿನ ವರ್ಷವಷ್ಟೆ, 1882ರಲ್ಲಿ, ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ದಯಪಾಲಿಸಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಂಗತಿಗಳನ್ನು ಕಾಲವು ಮುಂದೆ ಹೆಣೆಯಲಿದ್ದಿತು.

ಫಾರನ ತರುವಾಯ ಪ್ಯಾರಿಸಿನ ಜಾಕ್ ಬರ್ತಿಯೋಂ ಆ ಪಟ್ಟಿಯನ್ನು ತಿದ್ದಿ ಬೆಳೆಸಿ 1893ರಲ್ಲಿ ಷಿಕಾಗೋದಲ್ಲಿ ಮಂಡಿಸಿದನು. 1900ರಲ್ಲಿ ಪ್ಯಾರಿಸಿನಲ್ಲಿ 26 ದೇಶಗಳ ಪ್ರತಿನಿಧಿಗಳು ಸೇರಿ ಮೊದಲ ಪರಿಷ್ಕರಣವನ್ನು ಒಪ್ಪಿದರು. ಆರನೆಯ ಪರಿಷ್ಕರಣವು 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದು, ಮರಣಗಳ ಜತೆಗೆ ಕಾಯಿಲೆಗಳನ್ನೂ ಒಳಗೊಂಡಿತು. ನಮ್ಮ ದೇಶದಲ್ಲಿ 1969ರ ಜನನ ಮರಣ ನೋಂದಣಿ ಶಾಸನದ ಮೇರೆಗೆ ವೈದ್ಯರು ಕೊಡುವ ಮರಣಕಾರಣದ ಪ್ರಮಾಣಪತ್ರಗಳನ್ನು ವಿಂಗಡಿಸಲು ಹತ್ತನೆಯ ಪರಿಷ್ಕರಣವು ಬಳಕೆಗೆ ಬಂದಿದೆ. ಅದೇ ಪರಿಷ್ಕರಣದ ವಿಸ್ತೃತ ರೂಪವೊಂದನ್ನು ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್ 1ರಿಂದ ಬಳಸತೊಡಗಿದವು. ಬೆಂಗಳೂರಿನ ಅಂಚಿನಲ್ಲಿ ನಮ್ಮವರು ಓದುವುದು ಈ ರೂಪವನ್ನು.

ಅದರಲ್ಲಿ ಡಿ 72.829 ಎಂಬುದೊಂದು ಸಂಖ್ಯೆ. ಬಿಳಿಯ ರಕ್ತಕಣಗಳು ಹೆಚ್ಚಿವೆ, ಆ ಹೆಚ್ಚಳ ಯಾವ ಬಗೆಯದೆಂದು ನಿರ್ದಿಷ್ಟವಾಗಿ ಹೇಳಿಲ್ಲ ಎಂಬುದು ಅದರ ಅರ್ಥ. ಬೆಳೆದ ಮನುಷ್ಯನ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 4,000ದಿಂದ 11,000 ಬಿಳಿಯ ಕಣಗಳಿರುವುದು ಸಹಜ. ಸೋಂಕು ತಗಲಿದರೆ ಅವು ಏರುತ್ತವೆ, ಶಸ್ತ್ರಚಿಕಿತ್ಸೆಯಾದರೆ, ಬಸುರಿಯಾದರೆ, ಸ್ಟೀರಾಯಿಡ್ ಔಷಧ ತೆಗೆದುಕೊಂಡರೆ, ಹೊಗೆಸೊಪ್ಪು ಸೇದಿದರೆ ಕೂಡ ಏರಬಹುದು, ಲ್ಯುಕೇಮಿಯದಲ್ಲಿಯೂ ಏರಬಹುದು. ಲಿಂಫೋಸೈಟು ಹೆಚ್ಚಿದೆಯೆಂದು ವೈದ್ಯರು ಬರೆದರೆ 72.820; ಮಾನೋಸೈಟಾದರೆ 72.821, ಲ್ಯುಕೇಮಿಯದಂತೆ ತೋರಿದರೂ ಅದಲ್ಲದ ಪ್ರತಿಕ್ರಿಯೆಯಾದರೆ 72.823. ನಿಜವಾದ ಲ್ಯುಕೇಮಿಯ ಇಲ್ಲಿಲ್ಲವೇ ಇಲ್ಲ. ಅದು ಹಿಂದಿನ ಅಧ್ಯಾಯದಲ್ಲಿ, ಗಡ್ಡೆಗಳ ಮತ್ತು ಕ್ಯಾನ್ಸರುಗಳ ಸಾಲಿನಲ್ಲಿ, ಸಿ 91ರಿಂದ ಸಿ 95ರವರೆಗೆ ಇದೆ.

ಎಲ್ಲ ತಂಡಗಳಲ್ಲಿಯೂ ಚುರುಕಾದ ವಿದ್ಯಾರ್ಥಿಯೊಬ್ಬರಾದರೂ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. ರೋಗಿಯ ಕಣಗಳ ಎಣಿಕೆ ಎಂಬತ್ತು ಸಾವಿರವಿದೆ, ಲ್ಯುಕೇಮಿಯ ಇರಬಹುದೆಂದು ವೈದ್ಯರೇ ಸಂಶಯಪಟ್ಟು ಬರೆದಿದ್ದಾರೆ. ಹೀಗಿರುವಾಗ ಸಪ್ಪೆಯಾದ ಡಿ 72.829ನ್ನು ಬರೆಯುವುದು ಹೇಡಿತನವಲ್ಲವೇ ಎಂದು. ನಿಯಮ ಸ್ಪಷ್ಟವಾಗಿದೆ. ಹೊರರೋಗಿಯ ವಿಷಯದಲ್ಲಿ ಇರಬಹುದು, ಸಂಶಯವಿದೆ ಎಂಬ ಮಾತುಗಳನ್ನು ರೋಗವೆಂದು ನಮೂದಿಸುವಂತಿಲ್ಲ. ಖಚಿತವಾಗಿ ತಿಳಿದಿರುವಷ್ಟನ್ನೇ ಬರೆಯಬೇಕು. ಪ್ರಯೋಗಶಾಲೆಯ ಅಂಕಿಯನ್ನು ನೋಡಿ ಕೋಡರು ತಾನೇ ರೋಗನಿರ್ಣಯ ಮಾಡುವಂತಿಲ್ಲ. ಸಂದೇಹವಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಬೇಕು. ನಿಯಮವನ್ನು ಓದಿಹೇಳುವುದು ಸುಲಭ. ಆದರೆ ಅದರ ಹಿಂದಿನ ಧರ್ಮ ವಿದ್ಯಾರ್ಥಿಗಳಿಗೆ ಮನದಟ್ಟಾದುದು ಫಾರನ ಕಥೆಯನ್ನು ಹೇಳಿದ ಮೇಲೆ. ಮಜ್ಜೆಯ ಪರೀಕ್ಷೆ ಮುಗಿಯುವ ಮೊದಲೇ ಕೋಡರು ಸಿ ಅಕ್ಷರವನ್ನೊತ್ತಿದರೆ, ಇಲ್ಲದ ಕ್ಯಾನ್ಸರೊಂದು ಒಬ್ಬ ಮನುಷ್ಯನ ಕಡತದೊಳಗೆ ಹೊಕ್ಕುಬಿಡುತ್ತದೆ. ಅದು ವಿಮೆಯವರ ಕಣ್ಣಿಗೆ ಬೀಳುತ್ತದೆ, ಮುಂದಿನ ವೈದ್ಯರ ಕಣ್ಣಿಗೆ ಬೀಳುತ್ತದೆ. ಒಮ್ಮೆ ಹೊಕ್ಕುದನ್ನು ಹೊರಡಿಸುವುದು ಸುಲಭವಲ್ಲ. ರೋಗಿಯ ಮುಖವನ್ನು ಎಂದೂ ಕಾಣದ, ಹತ್ತು ಸಾವಿರ ಮೈಲಿಯಾಚೆ ಕುಳಿತ ಕೈಗೆ ಅಂಥ ಅಧಿಕಾರವಿರುವಾಗ, ಆ ಕೈ ತನ್ನ ಊಹೆಯನ್ನು ತಡೆದುಕೊಳ್ಳುವುದು ಹೇಡಿತನವಾಗಲಾರದು.

ಫಾರನು ಯಾವ ರೋಗಾಣುವನ್ನೂ ಕಂಡುಹಿಡಿಯಲಿಲ್ಲ, ಯಾವ ಔಷಧವನ್ನೂ ತಯಾರಿಸಲಿಲ್ಲ. ಆತನು ಮಾಡಿದುದು ಗುಮಾಸ್ತೆಯ ಕೆಲಸವೆಂದು ಹಳಿಯುವವರು ಹಳಿಯಬಹುದು. ಆದರೆ ಕೇಳಿದುದನ್ನು ಕೇಳಿದಷ್ಟೇ ಬರೆದು, ತಿಳಿಯದುದಕ್ಕೆ ಬೇರೊಂದು ಸಾಲನ್ನು ಕಾದಿಟ್ಟು, ತನ್ನ ಎದುರಾಳಿಗೂ ಕಡತವನ್ನು ತೆರೆದುಕೊಟ್ಟ ಗುಮಾಸ್ತೆ ಅಪರೂಪ. ಆತನು ನಂಬಿದ್ದ ಕೆಟ್ಟ ಗಾಳಿಯ ಸಿದ್ಧಾಂತವನ್ನು ಇಂದು ನಂಬುವವರಿಲ್ಲ. ಆತನು ಆ ಸಿದ್ಧಾಂತದ ಕಾಲದಲ್ಲಿಯೇ ಬರೆಸಿದ ಮರಣಗಳ ಸಾಲುಗಳನ್ನು ವಿದ್ವಾಂಸರು ಇಂದಿಗೂ ನಂಬಿ ಓದುತ್ತಾರೆ.